ಮರಿಯೋ, ದೊಡ್ಡ ಬೆಕ್ಕೋ, ಬಾಗಿಲಿಗೆ ಬಂದ ಕೊತ್ತಿಯೋ: ಮೈಸೂರು–ಮಂಡ್ಯದ ಮನೆಗಳಿಗೊಂದು ಹೋಲಿಕೆ

ಅನಾಥ ಪ್ರಾಣಿಗಳನ್ನು ಇಟ್ಟು ಸಾಕುವ ಶೆಲ್ಟರಿಗೆ ಬೆಕ್ಕು ಕೇಳಿಕೊಂಡು ಹೋಗುವ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು, "ಮರಿ ಇದ್ಯಾ?" ಬಿಳಿ ಬಣ್ಣದ್ದಾದರೆ ಇನ್ನೂ ಖುಷಿ. ಪಕ್ಕದ ಗೂಡಿನಲ್ಲಿ ಮೂರು ವರ್ಷದ, ಮರಿಯಾಗದಂತೆ ಆಪರೇಷನ್ ಆದ, ಲಸಿಕೆ ಆದ, ಕರೆದರೆ ಬಂದು ಕಾಲಿಗೆ ತಲೆ ಉಜ್ಜುವ ಬೆಕ್ಕು ಕೂತಿರುತ್ತದೆ. ಅದನ್ನು ಕೇಳುವವರಿಲ್ಲ. ಕಪ್ಪು ಬೆಕ್ಕಾದರೆ ಮುಗಿಯಿತು, "ಅಡ್ಡ ಬಂದ್ರೆ?" ಅನ್ನುತ್ತಾರೆ. ಮನೆಯೊಳಗೇ ಇರುವ ಬೆಕ್ಕು ದಿನಕ್ಕೆ ಐವತ್ತು ಸಲ ಅಡ್ಡ ಬರುತ್ತದೆ, ಬಣ್ಣ ಯಾವುದಾದರೂ ಸರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನ ಬಹಳಷ್ಟು ಮನೆಗಳಿಗೆ ಆ ದೊಡ್ಡ ಬೆಕ್ಕೇ ಸರಿ. ಮರಿ ಹೊಂದುವ ಮನೆಗಳೂ ಇವೆ, ಬೀದಿಯ ಕೊತ್ತಿಯೇ ಸಾಕು ಅನ್ನುವ ಮನೆಗಳೂ ಇವೆ. ಬೆಕ್ಕಿನ ಮುಖ ನೋಡುವ ಮೊದಲು ನಿಮ್ಮ ಮನೆ ನೋಡಿಕೊಳ್ಳಿ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಬಾಗಿಲು ಎಷ್ಟು ಹೊತ್ತು ತೆಗೆದಿರುತ್ತದೆ, ಇನ್ನು ಹತ್ತು ವರ್ಷಕ್ಕೆ ಈ ಮನೆಯಲ್ಲಿ ಯಾರು ಉಳಿದಿರುತ್ತಾರೆ, ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಮರಿ ಮತ್ತು ದೊಡ್ಡ ಬೆಕ್ಕು

ಮರಿ ಮುದ್ದು, ಅದರಲ್ಲಿ ವಾದವಿಲ್ಲ. ಆದರೆ ಕೆಲಸದ ಲೆಕ್ಕ ಹಾಕಿ ನೋಡಿ. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಎಷ್ಟು ಜೋರಾಗಿ ಕಚ್ಚಬಹುದು, ಯಾವಾಗ ಉಗುರು ಒಳಗೆಳೆದುಕೊಳ್ಳಬೇಕು ಅನ್ನುವುದನ್ನು ಅದು ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಹೊಡೆದಾಡಿಯೇ. ಆಮೇಲೆ ಲಸಿಕೆ. ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಮೂರು–ನಾಲ್ಕು ವಾರಕ್ಕೊಮ್ಮೆ 16ನೇ ವಾರದವರೆಗೆ ಹಾಕಿಸಬೇಕು. ಹನ್ನೆರಡು ವಾರ ದಾಟಿದ ಮೇಲೆ ರೇಬೀಸ್ ಲಸಿಕೆ. ಮಧ್ಯೆ ಜಂತುಹುಳದ ಔಷಧಿ. ನಾಲ್ಕೈದು ತಿಂಗಳಿಗೆ ಆಪರೇಷನ್. ಅಂದರೆ ಮೊದಲ ಅರ್ಧ ವರ್ಷ ಪಶುವೈದ್ಯರ ಹತ್ತಿರ ಓಡಾಡುತ್ತಲೇ ಇರಬೇಕು.

ಆಪರೇಷನ್ ವಿಷಯದಲ್ಲಿ "ಆರು ತಿಂಗಳಾಗಲಿ, ನೋಡೋಣ" ಅನ್ನುವವರು ಜಾಸ್ತಿ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಹುದು. ಗಬ್ಬದ ಅವಧಿ ಒಂಬತ್ತು ವಾರ, ಸುಮಾರು 63ರಿಂದ 65 ದಿನ. ಕೂಡಿಸಿ ನೋಡಿ, ಆರು ತಿಂಗಳ ಹೊತ್ತಿಗೆ ಮರಿಯೇ ಮರಿ ಹಾಕಿರುತ್ತದೆ. ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗುವುದೂ ಉಂಟು. ಬೆಕ್ಕುಗಳು ಬೆದೆಗೆ ಬರುವುದು ಹಗಲಿನ ಬೆಳಕಿನ ಲೆಕ್ಕದಲ್ಲಿ. ಹಗಲು ತೀರಾ ಚಿಕ್ಕದಾಗುವ ಚಳಿ ದೇಶಗಳಲ್ಲಿ ವರ್ಷದಲ್ಲಿ ಕೆಲವು ತಿಂಗಳು ಬಿಡುವಿರುತ್ತದೆ. ನಮ್ಮಲ್ಲಿ ಡಿಸೆಂಬರಿನ ಹಗಲೂ 11 ಗಂಟೆ ದಾಟುತ್ತದೆ. ಹಾಗಾಗಿ ಇಲ್ಲಿ ಆ ಬಿಡುವನ್ನು ನಂಬಿಕೊಳ್ಳುವಂತಿಲ್ಲ. "ಒಂದು ಸಲ ಮರಿ ಹಾಕಲಿ, ಪಾಪ" ಅನ್ನುವುದಕ್ಕೂ ವೈದ್ಯಕೀಯ ಕಾರಣ ಯಾವುದೂ ಇಲ್ಲ. ಮೊದಲ ಬೆದೆಗೆ ಮುಂಚೆ ಆಪರೇಷನ್ ಮಾಡಿಸಿದರೆ ಕೆಚ್ಚಲಿನ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ.

ದೊಡ್ಡ ಬೆಕ್ಕಿನಲ್ಲಿ ಈ ಓಡಾಟವೆಲ್ಲ ಹೆಚ್ಚಾಗಿ ಮುಗಿದಿರುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಅದರ ಸ್ವಭಾವ ಕಣ್ಣಿಗೆ ಕಾಣುತ್ತದೆ. ಮರಿ ಮುಂದೆ ಮಡಿಲ ಬೆಕ್ಕಾಗುತ್ತದೋ, ಬೀರುವಿನ ಮೇಲಿಂದ ಇಳಿಯದ ಬೆಕ್ಕಾಗುತ್ತದೋ ಯಾರೂ ಹೇಳಲಾರರು. ಎರಡು ವರ್ಷದ ಬೆಕ್ಕು ಹೇಗೋ ಹಾಗೇ ನಿಮ್ಮ ಮುಂದೆ ಕೂತಿರುತ್ತದೆ. ನಾಯಿ ಕಂಡರೆ ಏನು ಮಾಡುತ್ತದೆ, ಮಕ್ಕಳನ್ನು ಸಹಿಸುತ್ತದಾ, ಎತ್ತಿಕೊಂಡರೆ ಪರಚುತ್ತದಾ, ಎಲ್ಲವನ್ನೂ ಶೆಲ್ಟರಿನಲ್ಲಿ ಅನ್ನ ಹಾಕುವವರನ್ನು ಕೇಳಬಹುದು. ಡಾಕ್ಟರಿಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ.

"ದೊಡ್ಡದು ಒಗ್ಗಲ್ಲ" ಅನ್ನುವ ಮಾತು ಅಷ್ಟು ಸರಿಯಲ್ಲ. ಒಗ್ಗುತ್ತದೆ, ಸ್ವಲ್ಪ ನಿಧಾನ. ಮೊದಲ ಕೆಲವು ದಿನ ಮಂಚದ ಕೆಳಗೇ ಇದ್ದುಬಿಡಬಹುದು. ಒಂದು ರೂಮು, ನೀರು, ಊಟ, ಲಿಟರ್ ತಟ್ಟೆ (ಮಲಮೂತ್ರಕ್ಕೆ ಇಡುವ ಮರಳಿನಂಥ ಪುಡಿಯ ತಟ್ಟೆ), ಅವಿತುಕೊಳ್ಳಲು ಒಂದು ರಟ್ಟಿನ ಡಬ್ಬ ಕೊಟ್ಟು ಸುಮ್ನೆ ಬಿಟ್ಟುಬಿಡಿ. ನೆಂಟರನ್ನು ಕರೆದು ತೋರಿಸಬೇಡಿ. ಒಂದನ್ನು ಮಾತ್ರ ಗಮನಿಸಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಸೇರಿ ಕಾಯಿಲೆಯಾಗುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ.

ಹಾಗಾದರೆ ಮರಿ ಯಾರಿಗೆ? ಹಗಲೆಲ್ಲ ಯಾರಾದರೂ ಮನೆಯಲ್ಲಿರುವವರಿಗೆ. ಪರದೆ ಹರಿದರೆ ನಗುವವರಿಗೆ. ಮನೆಯಲ್ಲಿ ಈಗಾಗಲೇ ಒಂದು ಬೆಕ್ಕಿದ್ದರೆ ಸಾಮಾನ್ಯವಾಗಿ ಅದು ದೊಡ್ಡ ಬೆಕ್ಕಿಗಿಂತ ಮರಿಯನ್ನು ಬೇಗ ಒಪ್ಪುತ್ತದೆ. ಐದು ವರ್ಷದೊಳಗಿನ ಮಗುವಿರುವ ಮನೆಗೆ ಮರಿ ಬೇಡ ಅನ್ನುತ್ತೇನೆ. ಮಗು ಪ್ರೀತಿಯಿಂದಲೇ ಹಿಸುಕುತ್ತದೆ, ಮರಿಯ ಮೂಳೆ ಎಳೆಯದು. ಅಲ್ಲಿಗೆ ಧೈರ್ಯದ, ಶಾಂತ ಸ್ವಭಾವದ ದೊಡ್ಡ ಬೆಕ್ಕು ಬೇಕು.

ಮೈಸೂರಿನಲ್ಲಿ ಮತ್ತೆ ಮತ್ತೆ ಕಾಣುವ ಒಂದು ಪ್ರಸಂಗವಿದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಕುವೆಂಪುನಗರದಲ್ಲೋ ಸರಸ್ವತಿಪುರದಲ್ಲೋ ಅಪ್ಪ–ಅಮ್ಮ ಇಬ್ಬರೇ. "ಅವರಿಗೆ ಜೊತೆಯಾಗಲಿ" ಅಂತ ಮಗಳು ಒಂದು ಮರಿ ತಂದುಕೊಟ್ಟು ಭಾನುವಾರ ಸಂಜೆಯ ಬಸ್ಸು ಹತ್ತುತ್ತಾಳೆ. ರಾತ್ರಿ ಎರಡು ಗಂಟೆಗೆ ಕಾಲ್ಬೆರಳು ಕಚ್ಚುವ, ಮೆಟ್ಟಿಲ ಮೇಲೆ ಕಾಲಿಗೆ ಸಿಗುವ ಮರಿ ಎಪ್ಪತ್ತು ದಾಟಿದವರಿಗೆ ಜೊತೆಯಲ್ಲ, ಅಪಾಯ. ಬೆಕ್ಕು ಚೆನ್ನಾಗಿ ನೋಡಿಕೊಂಡರೆ 15 ವರ್ಷ ಬದುಕುತ್ತದೆ. ಅಂಥ ಮನೆಗೆ ಏಳೆಂಟು ವರ್ಷದ, ಬಿಸಿಲಲ್ಲಿ ಮಲಗಿ ಕಾಲ ಕಳೆಯುವ ಬೆಕ್ಕು ತನ್ನಿ. ಮುಂದೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಮಗಳೇ ಬರೆದುಕೊಡಲಿ.

ಎಲ್ಲಿಂದ ತರುವುದು

ಮೈಸೂರಿನಲ್ಲಿ ಪೀಪಲ್ ಫಾರ್ ಆನಿಮಲ್ಸ್ ಇದೆ, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಪಿಂಜರಾಪೋಲ್ ಇದೆ. ಪಿಂಜರಾಪೋಲ್ ಮುಖ್ಯವಾಗಿ ಹಸುಗಳದ್ದು. ನಮ್ಮ ಕಡೆಯ ಶೆಲ್ಟರುಗಳಲ್ಲಿ ನಾಯಿ, ದನಗಳ ಗಲಾಟೆಯೇ ಹೆಚ್ಚು, ಬೆಕ್ಕಿಗೆ ಸಿಗುವ ಜಾಗ ಕಡಿಮೆ. ಅದಕ್ಕೇ ಎಷ್ಟೋ ರೆಸ್ಕ್ಯೂ ಬೆಕ್ಕುಗಳು ಕಾಯಂ ಮನೆ ಸಿಗುವವರೆಗೆ ಯಾರದೋ ಮನೆಯ ಹಿಂದಿನ ರೂಮಿನಲ್ಲಿ ಫೋಸ್ಟರ್ ಆಗಿ ಇರುತ್ತವೆ. ಎರಡರಲ್ಲಿ ಆಯ್ಕೆ ಇದ್ದರೆ ನಾನು ಫೋಸ್ಟರ್ ಮನೆಯ ಬೆಕ್ಕಿನ ಕಡೆ ವಾಲುತ್ತೇನೆ. ಅದು ಕುಕ್ಕರ್ ಕೂಗು, ಟಿವಿ, ಕಾಲಿಂಗ್ ಬೆಲ್ ಎಲ್ಲ ಕೇಳಿ ಅಭ್ಯಾಸವಾಗಿರುತ್ತದೆ. ಶೆಲ್ಟರಿನಲ್ಲಿ ನಾಯಿ ಬೊಗಳುವುದನ್ನೇ ಕೇಳಿಕೊಂಡು ಮೂಲೆಗೆ ಮುದುಡಿದ ಬೆಕ್ಕು ಮನೆಗೆ ಬಂದ ಮೇಲೆ ಬೇರೆಯದೇ ಬೆಕ್ಕಾಗಬಹುದು. ಅಲ್ಲಿ ಹೆದರಿದ್ದನ್ನು ನೋಡಿ "ಇದು ಬೇಡ" ಅಂತ ತೀರ್ಮಾನಿಸಬೇಡಿ.

ಶೆಲ್ಟರಿನ ಲಾಭ ಅಂದರೆ ಕಾಗದಪತ್ರ. ಲಸಿಕೆ ಕಾರ್ಡು, ಆಪರೇಷನ್ ಆದ ದಿನ, ಏನು ಕಾಯಿಲೆಗೆ ಏನು ಔಷಧಿ ಕೊಟ್ಟರು ಅನ್ನುವ ವಿವರ ಸಿಗಬೇಕು. ಫೋಸ್ಟರ್ ಮನೆಯಲ್ಲೂ ಇವನ್ನು ಕೇಳಿ. ಬೆಕ್ಕಿನಿಂದ ಬೆಕ್ಕಿಗೆ ಹರಡುವ ಎಫ್‌ಐವಿ ಮತ್ತು ಎಫ್‌ಇಎಲ್‌ವಿ ಅನ್ನುವ ಎರಡು ವೈರಸ್‌ಗಳ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ, ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರಂತೂ ಕೇಳಲೇಬೇಕು. ಅವರು ಆಧಾರ್ ಕೇಳಿದರೆ, ಮನೆ ನೋಡಲು ಬರುತ್ತೇವೆ ಅಂದರೆ ಮುಖ ಗಂಟಿಕ್ಕಬೇಡಿ. ಏನೂ ಕೇಳದೆ ಬ್ಯಾಗಿಗೆ ಹಾಕಿ ಕೊಟ್ಟುಬಿಡುವವರ ಬಗ್ಗೆ ನನಗೆ ಅನುಮಾನ ಜಾಸ್ತಿ.

ವಾಟ್ಸಾಪ್ ಗುಂಪಿನಲ್ಲಿ ಬರುವ "ಉಚಿತ ಮರಿಗಳು, ಇವತ್ತೇ ತಗೊಂಡು ಹೋಗಿ" ಮೂರನೇ ದಾರಿ. ಹೆಚ್ಚಿನ ಸಲ ಆ ಮರಿಗಳಿಗೆ ಐದು ವಾರವೂ ಆಗಿರುವುದಿಲ್ಲ. ತಗೊಳ್ಳುವುದಾದರೆ ಎಂಟು ವಾರ ತುಂಬಲಿ ಅಂತ ಹೇಳಿ. ಜೊತೆಗೆ ತಾಯಿಯ ಆಪರೇಷನ್ನಿನ ಮಾತೂ ಎತ್ತಿ. ಇಲ್ಲದಿದ್ದರೆ ಅದೇ ಗುಂಪಿನಲ್ಲಿ ಮೂರು ತಿಂಗಳಿಗೆ ಅದೇ ಮೆಸೇಜು ಮತ್ತೆ ಬರುತ್ತದೆ.

ದುಡ್ಡು ಕೊಟ್ಟು ಪರ್ಷಿಯನ್ ತರುವವರೂ ಇದ್ದಾರೆ. ದಿನಾ ಬಾಚಬೇಕು, ಕಣ್ಣೀರು ಒರೆಸಬೇಕು. ಚಪ್ಪಟೆ ಮೂತಿಯಿಂದ ಉಸಿರಾಟ ಕಷ್ಟ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಕಷ್ಟ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಕಾಯಿಲೆ ಆ ತಳಿಯಲ್ಲಿ ವಂಶದಿಂದ ಬರುತ್ತದೆ. ಅಂಗಡಿಯಿಂದ ಕೊಳ್ಳುವುದೇ ಆದರೆ 2018ರ ನಿಯಮದ ಪ್ರಕಾರ ಅವರ ಹತ್ತಿರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇರಬೇಕು, ತೋರಿಸಿ ಅನ್ನಿ. ಉದ್ದ ಕೂದಲೇ ಬೇಕು ಅನ್ನುವವರು ರೆಸ್ಕ್ಯೂ ಮಾಡುವವರಿಗೆ ಹೇಳಿಟ್ಟು ಕಾಯಿರಿ. ಬಾಚಿ ಬಾಚಿ ಸಾಕಾಗಿ ಬಿಟ್ಟುಹೋದ ಪರ್ಷಿಯನ್‌ಗಳೂ ಅವರ ಹತ್ತಿರ ಬರುತ್ತವೆ.

ಬಾಗಿಲಿಗೆ ಬಂದ ಕೊತ್ತಿ

ಕೆಲವರು ಹುಡುಕುವುದೇ ಬೇಡ. ಮೀನು ತೊಳೆದ ವಾಸನೆಗೆ ಕಾಂಪೌಂಡ್ ಹಾರಿ ಬಂದು ದಿನಾ ಕೂರುವ ಒಂದು ಕೊತ್ತಿ ಇರುತ್ತದೆ. ಇದು ಶೆಲ್ಟರ್ ಬೆಕ್ಕಿಗಿಂತ ಒಳ್ಳೆಯ ಆಯ್ಕೆಯೇ? ಮುಟ್ಟಲು ಬಿಡುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ಮಿಯಾಂವ್ ಅನ್ನುತ್ತದೆ ಅಂದರೆ ಹೌದು. ಆದರೆ ಅದು ಪಕ್ಕದ ಬೀದಿಯವರ ಬೆಕ್ಕಾಗಿರಬಹುದು. ಕುತ್ತಿಗೆಗೆ ಸಡಿಲವಾಗಿ ಒಂದು ಕಾಗದದ ಪಟ್ಟಿ ಅಂಟಿಸಿ "ಇದು ನಿಮ್ಮ ಬೆಕ್ಕಾ?" ಅಂತ ಬರೆದು ಫೋನ್ ನಂಬರ್ ಹಾಕಿ ಬಿಡಿ. ಯಾರದ್ದೂ ಅಲ್ಲ ಅಂತಾದರೆ ಡಾಕ್ಟರ ಹತ್ತಿರ ಒಯ್ದು ಲಸಿಕೆ, ಆಪರೇಷನ್ ಮಾಡಿಸಿ ಒಳಗೆ ಕರೆದುಕೊಳ್ಳಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಆಪರೇಷನ್ ಆಗಲೇ ಆಗಿದೆ ಅನ್ನುವ ಗುರುತು ಅದಾಗಿರಬಹುದು, ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ.

ಹತ್ತಿರ ಹೋದರೆ ಬುಸುಗುಟ್ಟಿ ಓಡುವ, ವರ್ಷಗಟ್ಟಲೆ ಬೀದಿಯಲ್ಲೇ ಬೆಳೆದ ಬೆಕ್ಕನ್ನು ಮಾತ್ರ ಮನೆಯೊಳಗೆ ಕೂಡಿಹಾಕಬೇಡಿ. ಬೆಕ್ಕಿನ ಮರಿ ಮನುಷ್ಯರನ್ನು ನಂಬಲು ಕಲಿಯುವುದು ಮುಖ್ಯವಾಗಿ ಎರಡರಿಂದ ಏಳು ವಾರದೊಳಗೆ. ಆ ಕಾಲ ದಾಟಿ ಹೋದ ಬೆಕ್ಕಿಗೆ ನಾಲ್ಕು ಗೋಡೆ ಅಂದರೆ ಜೈಲು. ಬೋನಿಟ್ಟು ಹಿಡಿದು, ಆಪರೇಷನ್ ಮಾಡಿಸಿ, ಅದೇ ಜಾಗಕ್ಕೆ ಬಿಟ್ಟು ಊಟ ಹಾಕುವುದೇ ಅದಕ್ಕೆ ಮಾಡುವ ಉಪಕಾರ. ಹಿಡಿಯುವಾಗ ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ ರೇಬೀಸ್ ಇಂಜೆಕ್ಷನ್ ವಿಚಾರಿಸಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಕೂರಬೇಡಿ.

ಒಂಟಿ ಮರಿ ಸಿಕ್ಕಿತು ಅಂತ ಎತ್ತಿಕೊಂಡು ಬರುವ ಮೊದಲು ದೂರ ನಿಂತು ಕೆಲವು ಗಂಟೆ ಕಾಯಿರಿ. ತಾಯಿ ಊಟಕ್ಕೆ ಹೋಗಿರುತ್ತದೆ, ಇಲ್ಲವೇ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತಿರುತ್ತದೆ. ನಿಜವಾಗಿ ಅನಾಥವಾದ ನಾಲ್ಕು ವಾರದೊಳಗಿನ ಮರಿಯನ್ನು ಉಳಿಸುವುದು ಸುಲಭದ ಕೆಲಸವಲ್ಲ. ಮೊದಲು ಬೆಚ್ಚಗೆ ಮಾಡಬೇಕು, ಮೈ ತಣ್ಣಗಿದ್ದಾಗ ಹಾಲು ಕುಡಿಸಬಾರದು. ರಾತ್ರಿಯೂ ಸೇರಿ ಮೂರ್ನಾಲ್ಕು ಗಂಟೆಗೊಮ್ಮೆ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ, ಮರಿಯನ್ನು ಹೊಟ್ಟೆ ಕೆಳಗಾಗಿ ಮಲಗಿಸಿ ಕುಡಿಸಬೇಕು. ತೀರಾ ಎಳೆಯದಕ್ಕೆ ಒದ್ದೆ ಹತ್ತಿಯಿಂದ ಉಜ್ಜಿ ಉಚ್ಚೆಯನ್ನೂ ಮಾಡಿಸಬೇಕು. ಆಫೀಸಿಗೆ ಹೋಗುವವರಿಗೆ ಆಗದ ಮಾತು ಇದು.

ಮಂಡ್ಯದ ಕಡೆಗೆ ಬೇರೆ ಲೆಕ್ಕ

ಮಂಡ್ಯದಿಂದ ಬೆಕ್ಕು ಕೇಳುವವರಲ್ಲಿ ಅರ್ಧ ಜನಕ್ಕೆ ಬೇಕಾಗಿರುವುದು ಇಲಿ ಹಿಡಿಯುವ ಕೊತ್ತಿ. ಅಕ್ಕಿ ಗಿರಣಿ, ಭತ್ತದ ಗೋಡೌನು, ತೋಟದ ಮನೆ. ಇದು ತಪ್ಪೇನಲ್ಲ. ಮೇಲೆ ಹೇಳಿದಂಥ, ಮನುಷ್ಯರಿಗೆ ಒಗ್ಗದ ಬೆಕ್ಕು, ಮೊದಲಿದ್ದ ಜಾಗಕ್ಕೆ ವಾಪಸ್ ಬಿಡಲು ಆಗದ ಪರಿಸ್ಥಿತಿ ಬಂದರೆ, ಇಂಥ ಜಾಗದಲ್ಲಿ ನೆಮ್ಮದಿಯಾಗಿ ಬಾಳುತ್ತದೆ. ಎರಡು ಮೂರು ವಾರ ಒಂದು ಕೊಠಡಿಯಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ಆಮೇಲೆ ಬಿಡಬೇಕು. ಮೊದಲ ದಿನವೇ ಬಿಟ್ಟರೆ ಹಳೆಯ ಜಾಗ ಹುಡುಕಿಕೊಂಡು ಹೆದ್ದಾರಿಗೆ ಇಳಿಯುತ್ತದೆ.

"ಊಟ ಹಾಕಿದ್ರೆ ಇಲಿ ಹಿಡಿಯಲ್ಲ ಕಣಣ್ಣ" ಅನ್ನುತ್ತಾರೆ. ಹಿಡಿಯುತ್ತದೆ. ಬೇಟೆ ಹಸಿವಿಗೆ ಮಾತ್ರ ಕಟ್ಟಿದ್ದಲ್ಲ, ಹೊಟ್ಟೆ ತುಂಬಿದ ಬೆಕ್ಕೂ ಆಡುವ ಇಲಿ ಕಂಡರೆ ಬಿಡುವುದಿಲ್ಲ. ಆದರೆ ಗೋಡೌನಿನಲ್ಲೋ ಗದ್ದೆಯಲ್ಲೋ ಇಲಿ ಪಾಷಾಣ ಇಡುವವರು ಬೆಕ್ಕು ತರಲೇಬೇಡಿ. ಜಿಂಕ್ ಫಾಸ್ಫೈಡ್ ಆಗಲಿ ಬ್ರೋಮಾಡಿಯೋಲೋನ್ ಆಗಲಿ, ಅದನ್ನು ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ವಿಷ ಏರಬಹುದು. ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು. ಕಬ್ಬಿನ ಗದ್ದೆ ಪಕ್ಕದ ಮನೆಯಾದರೆ ಕತ್ತಲಾಗುತ್ತಲೇ ಬೆಕ್ಕನ್ನು ಒಳಗೆ ಸೇರಿಸಿ. ಚಿರತೆ ಓಡಾಡುವ ಊರುಗಳಲ್ಲಿ ಇದನ್ನು ನಾನು ಹೇಳಬೇಕಾಗಿಲ್ಲ.

ಕಬ್ಬು ಕಡಿಯುವಾಗ ಸಿಗುವ ಮರಿಗಳ ಬಗ್ಗೆ ಎಚ್ಚರ. ಅವು ಕಾಡುಬೆಕ್ಕಿನ ಮರಿಗಳಾಗಿರಬಹುದು. ಕಾಡುಬೆಕ್ಕು ಕಬ್ಬಿನ ನಡುವೆ ಮರಿ ಹಾಕುತ್ತದೆ. ಬೆಳೆದದ್ದಾದರೆ ಗುರುತು ಸುಲಭ. ಕಾಲು ಉದ್ದ, ಬಾಲ ಗಿಡ್ಡ, ಬಾಲದ ತುದಿಯಲ್ಲಿ ಕಪ್ಪು ಬಳೆಗಳು, ಕಿವಿ ತುದಿಯಲ್ಲಿ ಸಣ್ಣ ಕಪ್ಪು ಕೂದಲು. ಮರಿಯಲ್ಲಿ ಇದೆಲ್ಲ ಸ್ಪಷ್ಟವಾಗಿ ಕಾಣುವುದಿಲ್ಲ, ಪಟ್ಟೆಪಟ್ಟೆಯ ಊರ ಮರಿಯೇ ಅನ್ನಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಸಾಕುವಂತಿಲ್ಲ. ಸಿಕ್ಕ ಜಾಗದಲ್ಲೇ ಬಿಟ್ಟು, ಆ ಸಾಲು ಕಡಿಯುವುದನ್ನು ನಿಲ್ಲಿಸಿ, ಅರಣ್ಯ ಇಲಾಖೆಗೆ ತಿಳಿಸಿ. ಜನ ದೂರ ಸರಿದರೆ ಕತ್ತಲಾದ ಮೇಲೆ ತಾಯಿ ಬಂದು ಒಯ್ಯುವುದು ಉಂಟು.

ಸಾಕಲು ಬೆಕ್ಕು ಬೇಕಾದ ಮಂಡ್ಯದವರಿಗೆ ಮೈಸೂರಿನ ಶೆಲ್ಟರು ದೂರವೇನಲ್ಲ, ಸುಮಾರು 45 ಕಿಲೋಮೀಟರ್. ಗಾಳಿಯಾಡುವ ಗಟ್ಟಿ ಕ್ಯಾರಿಯರ್ ಇರಲಿ. ಬಟ್ಟೆ ಚೀಲ, ಗೋಣಿಚೀಲ ಬೇಡ. ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿದರೆ ದಾರಿಯಲ್ಲಿ ವಾಂತಿ ಕಡಿಮೆ.

ಸಸ್ಯಾಹಾರಿ ಮನೆಯ ಪ್ರಶ್ನೆ

"ನಾವು ಮೊಸರನ್ನ ಹಾಕ್ತೀವಿ, ಸಾಕಲ್ವಾ?" ಸಾಲದು. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಊಟದಲ್ಲೇ ಸಿಗಬೇಕು, ಅದಿರುವುದು ಮಾಂಸ, ಮೀನಿನಲ್ಲಿ. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲಿ ಚೆಂದ. ನಿಜದಲ್ಲಿ ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಅರಗದೆ ಭೇದಿಯಾಗುತ್ತದೆ.

ಹಾಗಂತ ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಅಂಗಡಿಯ ಒಣ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ, ಪೊಟ್ಟಣದ ಮೇಲೆ ಓದಿ ನೋಡಿ. ಅದನ್ನೂ ಮನೆಯೊಳಗೆ ತರುವುದಿಲ್ಲ ಅನ್ನುವ ಮಡಿವಂತರು ಬೆಕ್ಕಿನ ಆಸೆ ಬಿಡುವುದೇ ವಾಸಿ. ಮೊಲ ಸಾಕಬಹುದು. ಮಾಂಸ ತಿನ್ನುವ ಮನೆಯಾದರೆ ಮೂಳೆ ತೆಗೆದ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು ಜೊತೆಗೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ಚೂರು ಬೇಡ, ಬೆಕ್ಕಿನ ರಕ್ತ ಕೆಡುತ್ತದೆ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಸತ್ತೇ ಹೋಗುತ್ತದೆ. ನಾಯಿಯ ಮೈಯ ಉಣ್ಣಿಗೆ ಹಾಕುವ ಪರ್ಮೆತ್ರಿನ್ ಔಷಧಿಯೂ ಅಷ್ಟೇ ಅಪಾಯ. ತೋಟದಲ್ಲಿ ಮಲ್ಲಿಗೆ ಬಳ್ಳಿ ಇದ್ದರೆ ಚಿಂತೆಯಿಲ್ಲ. ಲಿಲ್ಲಿ, ಲೋಳೆಸರದ ಕುಂಡಗಳನ್ನು ಬೇರೆಯವರಿಗೆ ಕೊಟ್ಟುಬಿಡಿ.

ಗೂಡಿನ ಮುಂದೆ ನಿಂತಾಗ

ಎತ್ತಿಕೊಳ್ಳಲು ಹೋಗಬೇಡಿ. ನೆಲದ ಮೇಲೆ ಕೂತು ಅದೇ ಬರಲಿ ಅಂತ ಕಾಯಿರಿ. ಕಣ್ಣು, ಮೂಗಿನಲ್ಲಿ ನೀರು ಸುರಿಯುತ್ತಿದೆಯಾ, ಸೀನುತ್ತಿದೆಯಾ ನೋಡಿ. ಕಿವಿಯೊಳಗೆ ಕಾಫಿ ಪುಡಿಯಂಥ ಕೊಳೆ ಇದ್ದರೆ ಕಿವಿಯ ನುಸಿ ಇರಬಹುದು, ಔಷಧಿಯಲ್ಲಿ ವಾಸಿಯಾಗುತ್ತದೆ, ಅದಕ್ಕಾಗಿ ಬೇಡ ಅನ್ನಬೇಡಿ. ಸೊರಗಿದ ಮರಿಗೆ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳ. ವಾಂತಿ, ಭೇದಿಯಾಗಿ ತಲೆ ತಗ್ಗಿಸಿ ಕೂತ ಮರಿ ಮಾತ್ರ ಅವತ್ತು ಬೇಡ, ಡಾಕ್ಟರು ನೋಡಲಿ. ಪ್ಯಾನ್ಲ್ಯೂಕೋಪೀನಿಯಾ ಅನ್ನುವ ಕಾಯಿಲೆ ಮರಿಗಳನ್ನು ದಿನಗಳಲ್ಲೇ ಕೊಲ್ಲುತ್ತದೆ. ಅದರ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಈಚೆಗೆ ನಿಮ್ಮ ಮನೆಯಲ್ಲಿ ಮರಿ ಹೀಗೆ ಸತ್ತಿದ್ದರೆ ಮತ್ತೆ ಮರಿ ತರಬೇಡಿ, ಲಸಿಕೆ ಪೂರ್ತಿಯಾದ ದೊಡ್ಡ ಬೆಕ್ಕನ್ನೇ ತನ್ನಿ.

ಗಂಡೋ ಹೆಣ್ಣೋ? ಆಪರೇಷನ್ ಆದ ಮೇಲೆ ವ್ಯತ್ಯಾಸ ಅಷ್ಟಿಲ್ಲ. ಆಗದ ಗಂಡು ಬೆಕ್ಕು ಗೋಡೆಗೆಲ್ಲ ಉಚ್ಚೆ ಚಿಮ್ಮಿಸುತ್ತದೆ. ಮೂರು ಬಣ್ಣದ್ದು ಬೇಕೆಂದರೆ ಅದು ಹೆಚ್ಚುಕಡಿಮೆ ಹೆಣ್ಣೇ ಆಗಿರುತ್ತದೆ.

ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕು ಬೇಡ ಅನ್ನುವುದು ಪೂರ್ತಿ ನಿಜವಲ್ಲ. ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿಯ ಭಯ ಅದಕ್ಕೆ ಕಾರಣ. ಬೆಕ್ಕಿನ ಮಲದಲ್ಲಿ ಬಂದ ಮೇಲೆ ಅದು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಲಿಟರ್ ತಟ್ಟೆಯನ್ನು ದಿನಾ, ಗಂಡನೋ ಅತ್ತೆಯೋ ತೆಗೆದರೆ ಆಯಿತು.

ತರುವ ಹೊತ್ತು, ತರುವ ಮನೆ

ದೀಪಾವಳಿಗೆ ಎರಡು ವಾರ ಇರುವಾಗ ತರಬೇಡಿ. ಅರಮನೆ ಸುತ್ತಮುತ್ತ ಇರುವವರು ದಸರಾ ಮುಗಿಯಲಿ, ಜಂಬೂಸವಾರಿ ದಿನ ಕುಶಾಲತೋಪಿನ 21 ಸದ್ದಿಗೆ ಹೊಸ ಬೆಕ್ಕು ಎಲ್ಲಿ ನುಗ್ಗುತ್ತದೋ ಹೇಳಲಾಗದು. ಅಗ್ರಹಾರದ ಹಳೆಯ ಹೆಂಚಿನ ಮನೆಗಳಲ್ಲಿ ಮಾಡಿನ ಸಂದು ಮುಚ್ಚದೆ ಬೆಕ್ಕು ತಂದರೆ ಅದು ಅಟ್ಟ ಹತ್ತಿ, ಪಕ್ಕದವರ ಮಾಡಿಗೆ ದಾಟಿ, ನಾಲ್ಕು ಮನೆಯಾಚೆ ಇಳಿಯುತ್ತದೆ. ಅಂಥ ಮನೆಗೆ ವಯಸ್ಸಾದ, ಹಾರಾಟ ಕಡಿಮೆಯಾದ ಬೆಕ್ಕು ಮೇಲು. ಅಪಾರ್ಟ್‌ಮೆಂಟಿನವರು ಬಾಲ್ಕನಿಗೆ ಬಲೆ ಹಾಕಿಸಿ. ಸೊಳ್ಳೆ ಪರದೆಯನ್ನು ಬೆಕ್ಕು ಉಗುರಲ್ಲೇ ಸೀಳುತ್ತದೆ, ಪಾರಿವಾಳಕ್ಕೆ ಹಾಕುವ ನೈಲಾನ್ ಬಲೆಯನ್ನೂ ಕೆಲವು ಕಚ್ಚಿ ತುಂಡು ಮಾಡುತ್ತವೆ. ತಂತಿ ಜಾಲರಿಯೇ ಗಟ್ಟಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ.

ಒಂದೋ ಎರಡೋ ಅನ್ನುವುದು ಉಳಿಯಿತು. ದೊಡ್ಡದಾದರೆ ಒಂದೇ ಸಾಕು, ಎಷ್ಟೋ ಬೆಕ್ಕುಗಳಿಗೆ ಇನ್ನೊಂದರ ಸಹವಾಸವೇ ಬೇಡ. ಹಗಲು ಮನೆಯಲ್ಲಿ ಇರದಿದ್ದರೂ ಮರಿಯೇ ಬೇಕು ಅಂತ ಹಟ ಹಿಡಿದವರು ಒಂದೇ ಸೂಲಿನ ಎರಡು ಮರಿ ತಗೊಳ್ಳಿ. ಅವು ಒಂದನ್ನೊಂದು ಕಚ್ಚಿಕೊಳ್ಳುತ್ತವೆ, ನಿಮ್ಮ ಕಾಲು ಉಳಿಯುತ್ತದೆ. ಖರ್ಚು ಎರಡರಷ್ಟು, ಲಿಟರ್ ತಟ್ಟೆ ಮೂರು.

ಮೂರು ತಿಂಗಳು ನೋಡಿಯೂ ಹೊಂದಲಿಲ್ಲ ಅಂದರೆ ತಂದ ಕಡೆಗೇ ವಾಪಸ್ ಕೊಡಿ. ವಾಪಸ್ ತಗೊಳ್ಳುತ್ತೀರಾ ಅಂತ ತರುವ ದಿನವೇ ಕೇಳಿ ಬರೆಸಿಕೊಂಡಿರಿ. ದೇವರಾಜ ಮಾರ್ಕೆಟ್ ಹತ್ತಿರ, ದೇವಸ್ಥಾನದ ಹತ್ತಿರ "ಯಾರಾದ್ರೂ ಊಟ ಹಾಕ್ತಾರೆ" ಅಂತ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.